ಅಲ್ಗಾಂಕ್ವಿನ್ ಕಾಡಿನಲ್ಲಿ ಮೂರು ರಾತ್ರಿ: ಬಾಡಿಗೆ ಕೆನೂ ಹೇಗಿತ್ತು, ಬಾಡಿಗೆ ಹಾಸಿಗೆ ಹೇಗಿತ್ತು

ಮೊದಲು ದೋಣಿ ವಿಷಯ ಹೇಳಿಬಿಡುತ್ತೇನೆ. ನಮ್ಮ ಪ್ರವಾಸ ಚೆನ್ನಾಗಿ ಆಗಿದ್ದಕ್ಕೆ ಮುಕ್ಕಾಲು ಪಾಲು ಕಾರಣ ಅದೇ. ನಾವು ಬಾಡಿಗೆಗೆ ತಗೊಂಡಿದ್ದು ಎರಡು ಕೆವ್ಲಾರ್ ಕೆನೂ. ಕೆನೂ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದ ದೋಣಿ, ಕೆವ್ಲಾರ್ ಅನ್ನುವುದು ಅದನ್ನು ಮಾಡಿದ ಹಗುರ ನೂಲು. ಒಂದೊಂದೂ 17 ಅಡಿ ಉದ್ದ. ತೂಕ 44 ಪೌಂಡ್, ಅಂದರೆ 20 ಕಿಲೋ. ನಮ್ಮ ಮನೆಗೆ ತರುವ ದೊಡ್ಡ ಅಕ್ಕಿ ಚೀಲ 18 ಕಿಲೋ ಇರುತ್ತದೆ. ಅದಕ್ಕಿಂತ ಎರಡೇ ಕಿಲೋ ಜಾಸ್ತಿ! ಕೈಯಲ್ಲಿ ಎತ್ತಿ ನೋಡುವವರೆಗೂ ನನಗೆ ನಂಬಿಕೆ ಬಂದಿರಲಿಲ್ಲ.

ಅದೇ ಅಂಗಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್‌ನ ಕೆನೂಗಳೂ ಇದ್ದವು. ಬಾಡಿಗೆ ದಿನಕ್ಕೆ 17 ಕೆನಡಾ ಡಾಲರ್ ಕಡಿಮೆ. ಆದರೆ ತೂಕ 72 ಪೌಂಡ್, ಹತ್ತಿರ ಹತ್ತಿರ 33 ಕಿಲೋ. ನನ್ನ ಗಂಡ ಅದನ್ನೇ ತಗೊಳ್ಳೋಣ ಅಂದಿದ್ದರು. ಬೇಡವೇ ಬೇಡ ಅಂತ ಹಟ ಹಿಡಿದವಳು ನಾನು. ಅವರು ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿ ಇನ್ನೂ ವರ್ಷ ಆಗಿರಲಿಲ್ಲ. ಮಕ್ಕಳು, ವಯಸ್ಸಾದವರ ಜೊತೆ ಹೋಗುವವರು ಬೇರೆ ಎಲ್ಲಿ ದುಡ್ಡು ಉಳಿಸಿದರೂ ದೋಣಿಯಲ್ಲಿ ಮಾತ್ರ ಉಳಿಸಬೇಡಿ ಅನ್ನುತ್ತೇನೆ.

ನಾವು ಆರು ಜನ. ನಾನು, ಗಂಡ, ಮೈದುನ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಆಮೇಲೆ ಊರಿಂದ ಬಂದಿದ್ದ ನಮ್ಮ ಅತ್ತೆ. ಅತ್ತೆಗೆ 64 ವರ್ಷ, ಮಂಡಿ ನೋವಿದೆ. ಅವರನ್ನು ಕಾಡಿಗೆ ಕರೆದುಕೊಂಡು ಹೋಗಬೇಕಾ ಅಂತ ಮನೆಯಲ್ಲಿ ಒಂದು ವಾರ ಚರ್ಚೆ ಆಯಿತು. ಕೊನೆಗೆ ಅವರೇ "ನಾನೇನು ಮನೇಲಿ ಗೋಡೆ ನೋಡ್ಕೊಂಡು ಕೂತಿರಲಾ?" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಜಾಗ ಕೆನಡಾದ ಒಂಟಾರಿಯೊದ ಅಲ್ಗಾಂಕ್ವಿನ್ ಪಾರ್ಕ್. ಟೊರಾಂಟೊದಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ. 1893ರಿಂದ ಇರುವ ಪಾರ್ಕ್ ಇದು. 7,600 ಚದರ ಕಿಲೋಮೀಟರಿಗಿಂತ ದೊಡ್ಡದು, ನಮ್ಮ ಮೈಸೂರು ಜಿಲ್ಲೆಯನ್ನೇ ಒಳಗಿಡಬಹುದು. ಸರೋವರಗಳೇ 2,000ಕ್ಕೂ ಜಾಸ್ತಿ ಇವೆ. ಹೈವೇ 60 ಅದರ ದಕ್ಷಿಣದ ಮೂಲೆಯಲ್ಲಿ 56 ಕಿಲೋಮೀಟರ್ ಹಾದು ಹೋಗುತ್ತದೆ. ಆ ರಸ್ತೆ ಬಿಟ್ಟರೆ ಒಳಗೆ ಹೋಗುವ ದಾರಿ ಹೆಚ್ಚಾಗಿ ನೀರೇ.

ನಾವು ಕೆನೂ ಲೇಕ್‌ನಿಂದ ಹೊರಟು ಟಾಮ್ ಥಾಮ್ಸನ್ ಲೇಕ್ ಅನ್ನುವ ಸರೋವರಕ್ಕೆ ಹೋದೆವು. ಅಲ್ಲೇ ಮೂರು ರಾತ್ರಿ ಇದ್ದೆವು. ದಿನಕ್ಕೊಂದು ಕಡೆ ಟೆಂಟ್ ಬಿಚ್ಚಿ ಕಟ್ಟುವುದು ಬೇಡ, ಒಂದೇ ಕಡೆ ಕೂರೋಣ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಈ ದಾರಿ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಅಷ್ಟು ದೂರಕ್ಕೂ ದೋಣಿ ಹೊತ್ತು ನಡೆಯುವ ಜಾಗ ಒಂದೇ ಒಂದು, ಅದೂ 295 ಮೀಟರ್. ಹೀಗೆ ಹೊತ್ತು ನಡೆಯುವುದಕ್ಕೆ ಇಲ್ಲಿ ಪೋರ್ಟೇಜ್ ಅನ್ನುತ್ತಾರೆ.

ದೋಣಿಯಿಂದ ಹಿಡಿದು ಚಮಚದವರೆಗೆ ಎಲ್ಲವನ್ನೂ ಒಂದೇ ಅಂಗಡಿಯಿಂದ ಸೆಟ್ ಆಗಿ ಬಾಡಿಗೆಗೆ ತಗೊಂಡೆವು. ಎರಡು ಕೆನೂ, ಎರಡು ಟೆಂಟ್, ಆರು ಹಾಸಿಗೆ, ಸ್ಟವ್, ಪಾತ್ರೆ, ನೀರಿನ ಫಿಲ್ಟರ್, ಊಟ ತುಂಬುವ ಡ್ರಮ್, ಲೈಫ್ ಜಾಕೆಟ್, ಹುಟ್ಟು. ನಾಲ್ಕು ದಿನಕ್ಕೆ 980 ಡಾಲರ್, ಅದರ ಮೇಲೆ 13% ತೆರಿಗೆ. ಪಾರ್ಕಿನ ಪರ್ಮಿಟ್ ಬೇರೆ. ಅಂಗಡಿ ಹೆಸರು ನಾನು ಹಾಕುತ್ತಿಲ್ಲ. ಎರಡು ಮೂರು ಎಡವಟ್ಟು ಆದವು, ಅವರ ಹತ್ತಿರವೇ ನೇರವಾಗಿ ಹೇಳಿ ಬಗೆಹರಿಸಿಕೊಂಡಿದ್ದೇವೆ. ಇದೇ ಥರದ ಸೆಟ್ ಆ ಕಡೆ ಬೇರೆ ಅಂಗಡಿಗಳಲ್ಲೂ ಸಿಗುತ್ತದೆ, ಹಾಗಾಗಿ ಏನು ನೋಡಿ ತಗೊಳ್ಳಬೇಕು ಅನ್ನೋದೇ ಮುಖ್ಯ.

ಹೊರಡುವ ದಿನ ಬೆಳಿಗ್ಗೆ ಎಂಟೂವರೆಗೆ ಅಂಗಡಿಗೆ ಹೋದೆವು. ಮೊದಲ ಎಡವಟ್ಟು ಅಲ್ಲೇ ಕಂಡಿತು. ಬುಕ್ ಮಾಡುವಾಗ ಮಗನ ವಯಸ್ಸು ಕೇಳಿದ್ದರು, ತೂಕ ಕೇಳಿರಲಿಲ್ಲ. ಮಕ್ಕಳ ಲೈಫ್ ಜಾಕೆಟ್ ಅಳತೆ ಇರುವುದು ತೂಕದ ಮೇಲೆ. ಪುಟ್ಟನಿಗೆ ತೆಗೆದಿಟ್ಟಿದ್ದು 60ರಿಂದ 90 ಪೌಂಡ್‌ದು. ಅವನು ಇರುವುದೇ 45 ಪೌಂಡ್. ಹಾಕಿ, ಜಿಪ್ ಎಳೆದು, ಬೆಲ್ಟ್ ಬಿಗಿದಾಗ ನೋಡೋಕೆ ಸರಿಯಾಗೇ ಇತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬಂದು ಜಾಕೆಟ್‌ನ ಎರಡು ಭುಜ ಹಿಡಿದು ಮೇಲಕ್ಕೆ ಎಳೆದಳು. ಜಾಕೆಟ್ ಮಾತ್ರ ಮೇಲೆ ಹೋಯಿತು! ಪುಟ್ಟನ ಬಾಯಿ, ಮೂಗು, ಕಿವಿ ಎಲ್ಲಾ ಅದರೊಳಗೆ ಮುಚ್ಚಿಹೋಯಿತು. ನೀರಿಗೆ ಬಿದ್ದರೆ ಆಗುವುದೂ ಇದೇ. ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ನನ್ನ ಎದೆ ಝಲ್ ಅಂದಿತು.

ಅವಳು ತಕ್ಷಣ ಒಳಗೆ ಹೋಗಿ 30ರಿಂದ 60 ಪೌಂಡ್‌ದು ತಂದಳು. ಕಾಲ ಸಂದಿಯಲ್ಲಿ ಹಾಕುವ ಪಟ್ಟಿಯೂ ಅದಕ್ಕಿತ್ತು. ಮತ್ತೆ ಭುಜ ಹಿಡಿದು ಎತ್ತಿದಳು. ಈ ಸಲ ಜಾಕೆಟ್ ಜೊತೆ ಪುಟ್ಟನೂ ಮೇಲೆದ್ದ, ಕಾಲು ನೆಲ ಬಿಟ್ಟಿತು. ನೀವೂ ಅಂಗಡಿಯಲ್ಲೇ ಹೀಗೆ ಎತ್ತಿ ನೋಡಿ. ಯಾರಾದರೂ ನೋಡ್ತಾರೆ ಅಂತ ಸಂಕೋಚ ಬೇಡ.

ಹುಟ್ಟಿನದೂ ಹಾಗೇ ಆಗಿತ್ತು. ಮಗಳಿಗೆ ದೊಡ್ಡವರ ಹುಟ್ಟನ್ನೇ ಇಟ್ಟಿದ್ದರು. ಅಳತೆ ನೋಡುವುದು ಸುಲಭ. ಬೆಂಚಿನ ಮೇಲೆ ಕೂತು ಹುಟ್ಟನ್ನು ತಲೆಕೆಳಗು ಮಾಡಿ, ಹಿಡಿಯನ್ನು ಬೆಂಚಿಗೆ ಊರಬೇಕು. ಕೋಲು ಮುಗಿದು ಅಲಗು ಶುರುವಾಗುವ ಜಾಗ ಗಲ್ಲಕ್ಕೂ ಮೂಗಿಗೂ ನಡುವೆ ಬರಬೇಕು. ಮಗಳಿಗೆ ಅದು ಹಣೆ ದಾಟಿ ನೆತ್ತಿಗೆ ಬಂದಿತ್ತು. ಅದನ್ನೂ ಬದಲಾಯಿಸಿ ಕೊಟ್ಟರು.

ಆ ಹುಡುಗಿ ಬಗ್ಗೆ ಇನ್ನೂ ಹೇಳಬೇಕು. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಂದಿದ್ದ ಕಾಲೇಜು ಹುಡುಗಿ. ದೋಣಿ ಕೊಟ್ಟು ಸಹಿ ಹಾಕಿಸಿಕೊಂಡು ಕಳಿಸಬಹುದಿತ್ತು. ಅವಳು ನಮ್ಮ ಜೊತೆ ದಡಕ್ಕೆ ಬಂದು ಇಪ್ಪತ್ತು ನಿಮಿಷ ನಿಂತಳು. ಹಿಂದೆ ಕೂತವರು ಒಂದೇ ಕಡೆ ಹುಟ್ಟು ಹಾಕುತ್ತಾ ಹೋದರೆ ದೋಣಿಯ ಮೂತಿ ಇನ್ನೊಂದು ಕಡೆ ತಿರುಗುತ್ತದೆ. ಅದಕ್ಕೆ ಪ್ರತಿ ಎಳೆತದ ಕೊನೆಗೆ ಹೆಬ್ಬೆರಳನ್ನು ಕೆಳಗೆ ತಿರುಗಿಸಿ, ಅಲಗಿನಿಂದ ನೀರನ್ನು ಸ್ವಲ್ಪ ಹೊರಗೆ ತಳ್ಳಬೇಕು. ನೀರಲ್ಲಿ ಇಂಗ್ಲಿಷಿನ ಜೆ ಅಕ್ಷರ ಬರೆದ ಹಾಗಾಗುತ್ತದೆ, ಅದಕ್ಕೇ ಅದರ ಹೆಸರು ಜೆ ಸ್ಟ್ರೋಕ್. ಮೈದುನನ ಕೈ ಹಿಡಿದು ಹತ್ತು ಸಲ ಮಾಡಿಸಿದಳು. ಅವನಿಗೆ ಇದೇ ಮೊದಲು. ಮೊದಲ ಅರ್ಧ ಗಂಟೆ ನಮ್ಮ ದೋಣಿ ಹಾವು ಹರಿದ ಹಾಗೆ ಹೋಯಿತು, ಆಮೇಲೆ ಕೈ ಕೂಡಿಬಂತು. ಆ ಇಪ್ಪತ್ತು ನಿಮಿಷ ಇಲ್ಲದಿದ್ದರೆ ನಾವು ಎಷ್ಟು ಹೊತ್ತಿಗೆ ತಲುಪುತ್ತಿದ್ದೆವೋ ಗೊತ್ತಿಲ್ಲ. ಈ ಅಂಗಡಿಗೆ ನಾನು ಮತ್ತೆ ಹೋಗುವುದಾದರೆ ಅದು ಆ ಹುಡುಗಿ ತೋರಿಸಿದ ಕಾಳಜಿಗಾಗಿ.

ದೋಣಿ ಜೊತೆ ಒಂದು ಸಣ್ಣ ಡಬ್ಬಿ ಕೊಡುತ್ತಾರೆ. ಅದರಲ್ಲಿ ನೀರು ಮೊಗೆದು ಹಾಕುವ ಚೊಂಬಿನಂಥದ್ದು, ಸೀಟಿ, ಮತ್ತೆ ತೇಲುವ 15 ಮೀಟರ್ ಹಗ್ಗ ಇರುತ್ತದೆ. ಇವೆಲ್ಲಾ ದೋಣಿಯಲ್ಲಿ ಇರಲೇಬೇಕು ಅಂತ ಕೆನಡಾದ ಕಾನೂನೇ ಇದೆ. ಎರಡೂ ಡಬ್ಬಿ ಬಿಚ್ಚಿ ನೋಡಿದೆ, ಎಲ್ಲಾ ಸರಿಯಾಗಿತ್ತು.

ಅತ್ತೆಯನ್ನು ದೋಣಿಗೆ ಹತ್ತಿಸುವುದೇ ಕಷ್ಟ ಅಂದುಕೊಂಡಿದ್ದೆವು. ಅವರು ಸೀರೆ ಬಿಟ್ಟು ಮಗಳ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿದ್ದರು. ಆ ಹುಡುಗಿ ಹೇಗೆ ಹತ್ತಬೇಕು ಅಂತ ತೋರಿಸುವ ಮೊದಲೇ, ಸೊಂಟ ಬಗ್ಗಿಸಿ, ಎರಡು ಕೈಯಲ್ಲಿ ಎರಡು ಅಂಚು ಹಿಡಿದು, ಸರಿಯಾಗಿ ನಡುವೆ ಕಾಲಿಟ್ಟು ಕೂತುಬಿಟ್ಟರು. ದೋಣಿ ಅಲ್ಲಾಡಲೇ ಇಲ್ಲ. "ತೆಪ್ಪ ಹತ್ತೋದೂ ಹೀಗೇ ತಾನೇ?" ಅಂದರು. ಅವರ ತವರು ತಲಕಾಡಿನ ಕಡೆ. ಚಿಕ್ಕವರಿದ್ದಾಗ ಕಾವೇರಿ ದಾಟುತ್ತಿದ್ದಿದ್ದು ತೆಪ್ಪದಲ್ಲೇ. ದುಂಡಗಿನ ತೆಪ್ಪ ನಿಂತಲ್ಲೇ ಸುತ್ತುತ್ತದೆ, ಅದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿಯಂತೆ. ದೋಣಿಯ ತಳದಲ್ಲಿ ಕೂರುವವರಿಗೆ ಬೆನ್ನಿಗೆ ಒರಗು ಇರುವ ಮಡಚುವ ಸೀಟು ಸಿಗುತ್ತದೆ, ದಿನಕ್ಕೆ ಐದು ಡಾಲರ್ ಜಾಸ್ತಿ. ಅದನ್ನು ತಗೊಂಡಿದ್ದೆವು. ಅತ್ತೆ ಕಾಲು ಚಾಚಿ ಕೂತರು, ಪುಟ್ಟ ಅವರ ಮುಂದೆ. ಮಂಡಿ ನೋವಿನವರಿದ್ದರೆ ಈ ಸೀಟು ತಗೊಳ್ಳಿ, ಮರೆಯಬೇಡಿ.

ಹೊರಟಿದ್ದು ಹತ್ತು ಗಂಟೆಗೆ. ಅದು ತಡ ಆಯಿತು. ಈ ಸರೋವರಗಳಲ್ಲಿ ಬೆಳಿಗ್ಗೆ ನೀರು ಕನ್ನಡಿ ಥರ ಇರುತ್ತದೆ, ಹೊತ್ತೇರಿದ ಹಾಗೆ ಗಾಳಿ ಏಳುತ್ತದೆ. ಕೆನೂ ಲೇಕ್ ನಡುವೆ ಬರುವಷ್ಟರಲ್ಲಿ ಸಣ್ಣ ಅಲೆಗಳು ಪಕ್ಕಕ್ಕೆ ಬಡಿಯೋಕೆ ಶುರುವಾದವು. ನಾವು ದಡದ ಮಗ್ಗುಲಲ್ಲೇ ಹೋದೆವು. ನಡುವೆ ಹಾದುಹೋದರೆ ಹತ್ತಿರ ಅನ್ನಿಸುತ್ತದೆ, ಆದರೆ ಮಕ್ಕಳು ಇದ್ದಾಗ ಆ ಆಸೆ ಬೇಡ.

ಚಿತ್ರಕಾರ ಟಾಮ್ ಥಾಮ್ಸನ್ ತೀರಿಕೊಂಡಿದ್ದು ಇದೇ ಕೆನೂ ಲೇಕ್‌ನಲ್ಲಿ. 1917ರ ಜುಲೈ 8ರಂದು ಕೆನೂ ತಗೊಂಡು ಹೋದವರು ವಾಪಸ್ ಬರಲಿಲ್ಲ. ಎಂಟು ದಿನ ಆದಮೇಲೆ ದೇಹ ಸಿಕ್ಕಿತು. ಆಗ ಅವರಿಗೆ 39 ವರ್ಷ. ಅವರ ನೆನಪಿಗೆ 1930ರಲ್ಲಿ ಕಟ್ಟಿದ ಕಲ್ಲಿನ ಸ್ತಂಭ ಒಂದು ದಡದ ದಿಣ್ಣೆ ಮೇಲಿದೆ. ಮಗಳು ಶಾಲೆಯಲ್ಲಿ ಅವರ "ದಿ ಜ್ಯಾಕ್ ಪೈನ್" ಚಿತ್ರದ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಳು, ಹಾಗಾಗಿ ಇಳಿದು ನೋಡಲೇಬೇಕು ಅಂದಳು. ಹತ್ತು ನಿಮಿಷ ನಿಂತೆವು. ಅಲ್ಲಿಂದ ಕೆಳಗೆ ನೋಡಿದರೆ ಗಾಳಿಗೆ ಒಂದೇ ಕಡೆ ವಾಲಿ ಬೆಳೆದ ಪೈನ್ ಮರಗಳು, ಹಿಂದೆ ನೀರು. "ಅಮ್ಮಾ, ಚಿತ್ರದಲ್ಲಿ ಇರೋದೂ ಇದೇ ನೀಲಿ" ಅಂದಳು.

ಪೋರ್ಟೇಜ್ ಶುರುವಾಗುವ ಕಡೆ ಹಳದಿ ಬೋರ್ಡ್ ಇರುತ್ತದೆ. ಇಲ್ಲಿ ಹಗುರ ದೋಣಿಯ ಬೆಲೆ ಗೊತ್ತಾಯಿತು. ಕೆನೂವಿನ ನಡುವೆ ಅಡ್ಡಲಾಗಿ ಮರದ ಪಟ್ಟಿ ಇದೆ, ಎರಡು ಭುಜ ಮತ್ತು ಕುತ್ತಿಗೆಗೆ ಸರಿಯಾಗಿ ಕೂರುವ ಹಾಗೆ ಕೊರೆದಿದ್ದಾರೆ. ಅತ್ತೆ ನೋಡಿದ ಕೂಡಲೇ "ಇದು ನೊಗ ಅಲ್ವಾ!" ಅಂದರು. ನಿಜವಾಗಲೂ ಎತ್ತಿನ ನೊಗದ ಆಕಾರವೇ. ಇಂಗ್ಲಿಷಿನಲ್ಲೂ ಅದಕ್ಕೆ ಯೋಕ್ ಅಂತಲೇ ಹೆಸರು. ನನ್ನ ಗಂಡ ದೋಣಿಯನ್ನು ತೊಡೆ ಮೇಲೆ ಎಳೆದುಕೊಂಡು, ಒಂದೇ ಸಲ ತಲೆ ಮೇಲೆ ಬೋರಲು ಹಾಕಿಕೊಂಡು ನಡೆದರು. 295 ಮೀಟರ್, ಐದು ನಿಮಿಷ. ಇನ್ನೊಂದು ದೋಣಿ ಮೈದುನನದು. ಸಾಮಾನಿಗೆ ಮಾತ್ರ ಎರಡು ಸಲ ಓಡಾಡಬೇಕಾಯಿತು. ಪಕ್ಕದಲ್ಲೇ ಪ್ಲಾಸ್ಟಿಕ್ ಕೆನೂ ತಂದಿದ್ದ ಇನ್ನೊಂದು ಸಂಸಾರ ಇತ್ತು. ಅಪ್ಪ ಅಮ್ಮ ಇಬ್ಬರೂ ಆ ಕಡೆ ಈ ಕಡೆ ಹಿಡಿದು, ಮೂರು ಕಡೆ ಇಳಿಸಿ, ಉಸಿರು ತಗೊಂಡು ಹೋಗುತ್ತಿದ್ದರು. ನಾವು ಸಾಮಾನಿಗೆ ವಾಪಸ್ ಬಂದಾಗ ಅವರ ಚೀಲಗಳನ್ನೂ ಹೊತ್ತು ಕೊಟ್ಟೆವು.

ಕೆವ್ಲಾರ್ ಅಂದರೆ ಗುಂಡು ತಡೆಯುವ ಜಾಕೆಟ್‌ಗೆ ಹಾಕುವ ನೂಲು. 1965ರಲ್ಲಿ ಸ್ಟೆಫನಿ ಕ್ವೊಲೆಕ್ ಅನ್ನುವ ವಿಜ್ಞಾನಿ ಡ್ಯುಪಾಂಟ್ ಕಂಪನಿಯಲ್ಲಿದ್ದಾಗ ಕಂಡುಹಿಡಿದಿದ್ದು. ಗುಂಡು ತಡೆಯುತ್ತೆ ಅಂದಮಾತ್ರಕ್ಕೆ ದೋಣಿಯನ್ನು ಬಂಡೆ ಮೇಲೆ ಎಳೆಯೋ ಹಾಗಿಲ್ಲ. ತಳ ತೆಳ್ಳಗಿದೆ, ಕಾಲಿಟ್ಟರೆ ಸ್ವಲ್ಪ ಒಳಗೆ ಬಗ್ಗುತ್ತದೆ, ಮೊದಲ ಸಲ ಭಯ ಆಗುತ್ತದೆ. ದೋಣಿ ನೀರಲ್ಲಿ ತೇಲುತ್ತಿರುವಾಗಲೇ ಹತ್ತಬೇಕು, ಇಳಿಯುವಾಗಲೂ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಚಪ್ಪಲಿ ಒದ್ದೆಯಾಗುತ್ತದೆ, ಆಗಲಿ. ವಾಪಸ್ ಕೊಡುವಾಗ ತಳದ ಗೀರು ನೋಡುತ್ತಾರೆ.

ಪೋರ್ಟೇಜ್ ಆದಮೇಲೆ ಜೋ ಲೇಕ್, ಟೀಪೀ ಲೇಕ್, ಆಮೇಲೆ ಒಂದು ಸಣ್ಣ ಹೊಳೆ. ನಮ್ಮ ಫೋನುಗಳಿಗೆ ಸಿಗ್ನಲ್ ಆಗಲೇ ಹೋಗಿತ್ತು. ಹೊಳೆ ಬಳುಕಿಕೊಂಡು ಹೋಗುತ್ತದೆ, ಎರಡೂ ಕಡೆ ಜೌಗು, ನೀರ ತುಂಬಾ ಬಿಳಿ ನೈದಿಲೆ. ಹುಟ್ಟಿನ ಅಲಗು ಎಲೆಗಳ ಮೇಲೆ ಸವರಿದರೆ ಪರ್ ಪರ್ ಅಂತ ಸದ್ದು. ನೀಲಿ ಬಣ್ಣದ ಸಣ್ಣ ಏರೋಪ್ಲೇನ್ ಚಿಟ್ಟೆಯೊಂದು ಅತ್ತೆಯ ಮೊಣಕಾಲ ಮೇಲೆ ಕೂತು ಹದಿನೈದು ನಿಮಿಷ ನಮ್ಮ ಜೊತೆಯೇ ಬಂತು. ಪುಟ್ಟ ಅದು ಹಾರಿಹೋಗುತ್ತೆ ಅಂತ ಉಸಿರು ಬಿಗಿಹಿಡಿದು ಕೂತಿದ್ದ. ಒಂದು ಕಡೆ ಬೀವರ್ ಅನ್ನುವ ನೀರಿನ ಪ್ರಾಣಿ ಕಟ್ಟಿದ ಕಡ್ಡಿ ಮಣ್ಣಿನ ಗುಡ್ಡೆ ಕಂಡಿತು. ಮೂಸ್ ಅನ್ನುವ ಇಲ್ಲಿನ ದೊಡ್ಡ ಜಿಂಕೆ ಕಾಣಲಿಲ್ಲ, ಜೌಗಿನ ಅಂಚಲ್ಲಿ ಅದರ ಗೊರಸಿನ ಗುರುತು ಮಾತ್ರ ಇತ್ತು.

ಟಾಮ್ ಥಾಮ್ಸನ್ ಲೇಕ್ ತಲುಪಿದಾಗ ಎರಡೂವರೆ. ಪರ್ಮಿಟ್‌ನಲ್ಲಿ ಯಾವ ಸರೋವರ ಅಂತ ಮಾತ್ರ ಇರುತ್ತದೆ, ಯಾವ ಜಾಗ ಅಂತ ಇರುವುದಿಲ್ಲ. ಮೊದಲು ಹೋದವರಿಗೆ ಬೇಕಾದ ಜಾಗ. ಮರಕ್ಕೆ ಕಿತ್ತಳೆ ಬೋರ್ಡ್ ಹೊಡೆದಿರುವ ಕಡೆ ಮಾತ್ರ ಟೆಂಟ್ ಹಾಕಬೇಕು, ಒಂದು ಜಾಗದಲ್ಲಿ ಒಂಬತ್ತು ಜನರಿಗಿಂತ ಜಾಸ್ತಿ ಇರೋ ಹಾಗಿಲ್ಲ. ನಮಗೆ ಸಿಕ್ಕಿದ್ದು ಪಶ್ಚಿಮಕ್ಕೆ ಮುಖ ಮಾಡಿದ ಜಾಗ. ನೀರಿಗೆ ಮೆಲ್ಲಗೆ ಇಳಿಯುವ ಅಗಲವಾದ ಬಂಡೆ, ಹಿಂದೆ ಪೈನ್ ಮರದ ನೆರಳು. ಆ ಬಂಡೆ ನಮಗೆ ಮೂರು ದಿನ ಜಗುಲಿ ಆಯಿತು.

ಟೆಂಟ್‌ಗಳು ಚೆನ್ನಾಗಿದ್ದವು. ಜಿಪ್ ಸರಿಯಾಗಿತ್ತು, ಸೊಳ್ಳೆ ಪರದೆಯಲ್ಲಿ ತೂತಿರಲಿಲ್ಲ, ಗೂಟ ಒಂದೂ ಕಡಿಮೆ ಇರಲಿಲ್ಲ. ಎರಡನೇ ರಾತ್ರಿ ಒಂದು ಗಂಟೆ ಮಳೆ ಹೊಡೆಯಿತು, ಒಳಗೆ ಒಂದು ಹನಿ ಬರಲಿಲ್ಲ.

ಹಾಸಿಗೆ ವಿಷಯಕ್ಕೆ ಮಾತ್ರ ನನಗೆ ಬೇಜಾರಿದೆ. ಗಾಳಿ ತುಂಬುವ ಮ್ಯಾಟ್‌ಗಳು, ಆರರಲ್ಲಿ ಎರಡು ಸೋರುತ್ತಿದ್ದವು. ಮಲಗುವಾಗ ಗಟ್ಟಿಯಾಗಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ನನ್ನ ಸೊಂಟ ನೆಲಕ್ಕೆ ತಾಗುತ್ತಿತ್ತು. ಆಗಸ್ಟ್ ಆದರೂ ಅಲ್ಲಿ ರಾತ್ರಿ ಚಳಿ, ನೆಲದ ತಂಪು ನೇರ ಬೆನ್ನಿಗೆ ಹತ್ತುತ್ತದೆ. ಸೋರುತ್ತಿದ್ದ ಇನ್ನೊಂದು ಅತ್ತೆಯದು. ಅವರು ಎಬ್ಬಿಸಲೂ ಇಲ್ಲ, ಸುಮ್ನೆ ಹಾಗೇ ಮಲಗಿದ್ದರು. ಬೆಳಿಗ್ಗೆ ಏಳುವಾಗ ಮಂಡಿ ಹಿಡಿದುಕೊಂಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮ್ಯಾಟ್‌ಗಳನ್ನು ನೀರಲ್ಲಿ ಮುಳುಗಿಸಿ ಹಿಸುಕಿದಾಗ ಅಂಚಿನ ಹೊಲಿಗೆ ಹತ್ತಿರ ಗುಳ್ಳೆ ಎದ್ದಿತು. ತೂತು ಗೊತ್ತಾಯಿತು, ಆದರೆ ತೇಪೆ ಹಾಕುವ ಸಾಮಾನು ಚೀಲದಲ್ಲಿ ಇರಲಿಲ್ಲ. ಟೇಪ್ ಸುತ್ತಿದೆವು, ಒಂದು ಗಂಟೆ ನಿಂತಿತು. ಉಳಿದ ಎರಡು ರಾತ್ರಿ ಅತ್ತೆಗೆ ಗಂಡನ ಮ್ಯಾಟ್ ಕೊಟ್ಟು, ನಾವಿಬ್ಬರೂ ಲೈಫ್ ಜಾಕೆಟ್‌ಗಳನ್ನು ಜೋಡಿಸಿ ಅದರ ಮೇಲೆ ಮಲಗಿದೆವು. ಬಾಡಿಗೆ ಮ್ಯಾಟ್ ತಗೊಳ್ಳುವವರು ಅಂಗಡಿಯಲ್ಲೇ ಊದಿ, ಮೇಲೆ ಒಬ್ಬರು ಕೂತು, ಹತ್ತು ನಿಮಿಷ ಕಾಯಿರಿ.

ಊಟದ ಡ್ರಮ್ ಅಂದರೆ 60 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಬೆನ್ನಿಗೆ ಹಾಕಿಕೊಳ್ಳೋಕೆ ಪಟ್ಟಿ ಇರುತ್ತದೆ. ಮುಚ್ಚಳ ಬಿಗಿಯಾಗಿತ್ತು, ಬಹಳ ಉಪಯೋಗ ಆಯಿತು. ಅಲ್ಗಾಂಕ್ವಿನ್ ಒಳಗೆ ಎಸೆಯುವಂಥ ತಗಡಿನ ಡಬ್ಬಿ, ಗಾಜಿನ ಬಾಟಲಿ ತರುವ ಹಾಗಿಲ್ಲ. ಅತ್ತೆಯ ಮಾವಿನ ಉಪ್ಪಿನಕಾಯಿ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಹೋಯಿತು. ಹುರಿದ ರವೆ, ಅವಲಕ್ಕಿ, ಅಕ್ಕಿ, ಹೆಸರುಬೇಳೆ, ಒಗ್ಗರಣೆ ಸಾಮಾನು ಎಲ್ಲಾ ಹೊತ್ತು ಹೊತ್ತಿಗೆ ಬೇರೆ ಬೇರೆ ಚೀಲ ಮಾಡಿ ತುಂಬಿದ್ದೆ.

ಕರಡಿ ಇರುವ ಕಾಡು. ರಾತ್ರಿ ಡ್ರಮ್ಮನ್ನು ಮರಕ್ಕೆ ನೇತುಹಾಕಬೇಕು, ನೆಲದಿಂದ ನಾಲ್ಕು ಮೀಟರ್ ಎತ್ತರ, ಕಾಂಡದಿಂದ ಎರಡು ಮೀಟರ್ ದೂರ. ಅಂಗಡಿಯವರು ಕೊಟ್ಟ ಹಗ್ಗ ತೀರಾ ಸಣ್ಣದು, ಎಳೆದರೆ ಅಂಗೈ ಕೊಯ್ಯುತ್ತದೆ. ಮೈದುನ ಹಗ್ಗದ ತುದಿಗೆ ಕಲ್ಲು ಕಟ್ಟಿ ಕೊಂಬೆ ಮೇಲೆ ಎಸೆದ. ಗಂಟು ಮಾತ್ರ ಪ್ರತಿ ಸಲ ಜಾರುತ್ತಿತ್ತು. ಎರಡು ಸಲ ಡ್ರಮ್ ದಬ್ ಅಂತ ಕೆಳಗೆ ಬಂತು. ಬಂಡೆ ಮೇಲೆ ಕೂತು ನೋಡುತ್ತಿದ್ದ ಅತ್ತೆ ಎದ್ದು ಬಂದರು. "ಕೊಡಪ್ಪ ಇಲ್ಲಿ" ಅಂದು ಹಗ್ಗ ತಗೊಂಡು, ಹಿಡಿಯ ಸುತ್ತ ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಎಳೆದರು. ಬಾವಿಯಲ್ಲಿ ಕೊಡಕ್ಕೆ ಹಾಕುವ ಕುಣಿಕೆ. ಭಾರ ಬಿದ್ದಷ್ಟೂ ಬಿಗಿ, ಕೆಳಗಿಳಿಸಿ ಒಂದು ತುದಿ ಎಳೆದರೆ ಸಲೀಸಾಗಿ ಬಿಚ್ಚುತ್ತದೆ. ಮೂರು ರಾತ್ರಿಯೂ ಅದು ಜಾರಲಿಲ್ಲ. ಈಗ ಮಗಳಿಗೂ ಆ ಗಂಟು ಬರುತ್ತದೆ.

ಸ್ಟವ್, ಫಿಲ್ಟರ್ ಬಗ್ಗೆ ಹೇಳುವಂಥದ್ದೇನಿಲ್ಲ, ಎರಡೂ ಕೆಲಸ ಮಾಡಿದವು. ಸರೋವರದ ನೀರು ಎಷ್ಟು ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ನಾವು ಫಿಲ್ಟರ್ ಮಾಡಿ, ಮಕ್ಕಳಿಗೂ ಅತ್ತೆಗೂ ಕುದಿಸಿ ಕೊಟ್ಟೆವು.

ಹಿರಿಯರನ್ನು ಕರೆದುಕೊಂಡು ಹೋಗುವವರು ಕೇಳೋದು ಶೌಚಾಲಯದ ಬಗ್ಗೆ. ಟೆಂಟಿನ ಹಿಂದೆ ಕಾಡೊಳಗೆ ಸುಮಾರು ಎಂಬತ್ತು ಹೆಜ್ಜೆ ದೂರದಲ್ಲಿ ಮುಚ್ಚಳ ಇರುವ ಒಂದು ಮರದ ಪೆಟ್ಟಿಗೆ ಇದೆ, ಅಷ್ಟೇ. ಗೋಡೆ ಇಲ್ಲ, ಮಾಡು ಇಲ್ಲ. ಆದರೆ ಕೂರುವ ಎತ್ತರ ಇದೆ. ಮಂಡಿ ಬಗ್ಗದವರಿಗೆ ಅದೇ ದೊಡ್ಡ ಅನುಕೂಲ. ನಾವು ಹೋಗುವ ದಾರಿಗೆ ಒಂದು ದುಪಟ್ಟಾ ಕಟ್ಟಿದ್ದೆವು. ಅದು ಕಟ್ಟಿದ್ದರೆ ಯಾರೋ ಇದ್ದಾರೆ ಅಂತ ಅರ್ಥ.

ಎರಡನೇ ದಿನ ನಾವು ಏನೂ ಮಾಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಇಷ್ಟವಾದ ದಿನ. ಬೆಳಿಗ್ಗೆ ನೀರಿನ ಮೇಲೆ ಮಂಜು ಹೊಗೆಯ ಹಾಗೆ ಎದ್ದು ಓಡುತ್ತಿತ್ತು. ಅತ್ತೆ ಶಾಲು ಹೊದ್ದು ಬಂಡೆ ಮೇಲೆ ಕೂತು ಟೀ ಕುಡಿದರು. ಮಕ್ಕಳು ಹೊಟ್ಟೆ ಮೇಲೆ ಮಲಗಿ, ಬಂಡೆಯ ಅಂಚಿಗೆ ಬರುವ ಸಣ್ಣ ಮೀನುಗಳನ್ನು ನೋಡುತ್ತಾ ಎರಡು ಗಂಟೆ ಕಳೆದರು. ಯಾರೂ ಟೈಮ್ ಕೇಳಲಿಲ್ಲ. ಮಧ್ಯಾಹ್ನ ಈಜಿದೆವು. ಬಂಡೆಯ ಹಿಂದೆ ಕಾಡು ಬ್ಲೂಬೆರಿ ಗಿಡಗಳಿದ್ದವು, ಹಣ್ಣು ಕಡಲೆಕಾಳಿನಷ್ಟೇ ಚಿಕ್ಕದು, ಅಂಗಡಿಯ ಹಣ್ಣಿಗಿಂತ ಹುಳಿಯೂ ಜಾಸ್ತಿ, ರುಚಿಯೂ ಜಾಸ್ತಿ. ಸಂಜೆ ಉಪ್ಪಿಟ್ಟಿಗೆ ಈರುಳ್ಳಿ ಹುರಿಯುತ್ತಿದ್ದಾಗ ಗಂಡ ಹೇಳಿದರು, "ನಾವೆಲ್ಲಾ ಇಡೀ ದಿನ ಒಂದೇ ಕಡೆ ಇದ್ದು ಎಷ್ಟು ವರ್ಷ ಆಗಿತ್ತು?" ನನಗೆ ನೆನಪಾಗಲಿಲ್ಲ.

ಕತ್ತಲಾದ ಮೇಲೆ ಲೂನ್ ಹಕ್ಕಿ ಕೂಗಿತು. ಅದನ್ನು ಹೇಗೆ ಬರೆಯಲಿ? ಮೊದಲು ದೂರದಿಂದ ನಾಯಿ ಊಳಿಟ್ಟ ಹಾಗೆ ಒಂದು ಉದ್ದ ದನಿ. ಆಮೇಲೆ ಸರೋವರದ ಈ ಕಡೆಯಿಂದ ಇನ್ನೊಂದು, ನಡುಗುವ ದನಿಯಲ್ಲಿ, ಯಾರೋ ಜೋರಾಗಿ ನಕ್ಕ ಹಾಗೆ. ದನಿ ನೀರ ಮೇಲೆ ಹೋಗಿ ಆಚೆ ದಡಕ್ಕೆ ತಾಗಿ ವಾಪಸ್ ಬರುತ್ತದೆ. ಪುಟ್ಟ ಹೆದರಿ ಅಜ್ಜಿ ಶಾಲಿನೊಳಗೆ ಸೇರಿಕೊಂಡ. ನಾನು ಜೇಬಿಂದ ಒಂದು ಡಾಲರ್ ನಾಣ್ಯ ತೆಗೆದು ಟಾರ್ಚ್ ಬೆಳಕಲ್ಲಿ ತೋರಿಸಿದೆ. 1987ರಿಂದ ಕೆನಡಾದ ಒಂದು ಡಾಲರ್ ಮೇಲೆ ಇರುವುದು ಇದೇ ಹಕ್ಕಿ. "ಇಷ್ಟು ಚಿಕ್ಕದಾ?" ಅಂದ. ಭಯ ಹೋಯಿತು. ಮಾರನೇ ದಿನ ಬೆಳಿಗ್ಗೆ ಒಂದು ಲೂನ್ ಮರಿ ಜೊತೆ ಬಂಡೆಯ ಮುಂದೆಯೇ ಹಾದುಹೋಯಿತು. ಬೆನ್ನ ಮೇಲೆ ಬಿಳಿ ಚುಕ್ಕಿ, ಕೆಂಪು ಕಣ್ಣು. ಮುಳುಗಿದರೆ ಒಂದು ನಿಮಿಷ ಪತ್ತೆ ಇಲ್ಲ, ಎಲ್ಲೋ ದೂರದಲ್ಲಿ ಏಳುತ್ತದೆ.

ನಾವು ಹೋಗಿದ್ದು ಆಗಸ್ಟ್ 11ರಿಂದ 14. ಬೇಕಂತಲೇ ಆ ದಿನ ಆರಿಸಿದ್ದೆವು. ಮೇ, ಜೂನ್‌ನಲ್ಲಿ ಅಲ್ಲಿ ಕಪ್ಪು ನೊಣದ ಕಾಟ, ಆಮೇಲೆ ಸೊಳ್ಳೆ. ಆಗಸ್ಟ್ ಹೊತ್ತಿಗೆ ಎರಡೂ ಕಡಿಮೆಯಾಗಿ ನೀರೂ ಬೆಚ್ಚಗಾಗಿರುತ್ತದೆ. 12, 13ರ ರಾತ್ರಿ ಪರ್ಸೀಡ್ ಉಲ್ಕೆಗಳೂ ಜೋರಾಗಿ ಬೀಳುತ್ತವೆ. 13ರ ರಾತ್ರಿ ಮೋಡ ಸರಿಯಿತು. ಆರೂ ಜನ ಬಂಡೆ ಮೇಲೆ ಅಂಗಾತ ಮಲಗಿದೆವು. ಮಗಳು 23ರವರೆಗೆ ಎಣಿಸಿ ನಿದ್ದೆ ಹೋದಳು.

ಆ ದಿನಗಳು ಬೇಕಿದ್ದರೆ ಬುಕಿಂಗ್‌ಗೆ ತಯಾರಾಗಿರಬೇಕು. ಒಳಗಿನ ಸರೋವರಗಳಿಗೆ ಐದು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ. ನಾವು ಮಾರ್ಚ್ 11ರ ಬೆಳಿಗ್ಗೆ ಏಳು ಗಂಟೆಗೆ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು.

ವಾಪಸ್ ಬರುವ ದಿನ ಬುದ್ಧಿ ಬಂದಿತ್ತು. ಆರೂವರೆಗೇ ಹೊರಟೆವು, ಕೆನೂ ಲೇಕ್‌ಗೆ ಬಂದಾಗ ನೀರು ಇನ್ನೂ ಅಲುಗಾಡದೆ ನಿಂತಿತ್ತು. ಅಂಗಡಿಯಲ್ಲಿ ಮ್ಯಾಟ್ ತೂತು ತೋರಿಸಿದೆ. ಮ್ಯಾನೇಜರ್ ವಾದ ಮಾಡಲಿಲ್ಲ, ಎರಡು ಮ್ಯಾಟ್‌ನ ಬಾಡಿಗೆ ವಾಪಸ್ ಕೊಟ್ಟು ಕ್ಷಮೆ ಕೇಳಿದರು. ದುಡ್ಡು ಬಂತು ಸರಿ, ಅತ್ತೆಯ ಆ ಮೊದಲ ರಾತ್ರಿ ವಾಪಸ್ ಬರಲ್ಲ. ಕೊಡುವ ಮೊದಲು ಊದಿ ನೋಡಿ ಅಂತ ಹೇಳಿದೆ, ಬರೆದುಕೊಂಡರು. ಬುಕಿಂಗ್ ಫಾರ್ಮಿನಲ್ಲಿ ಮಕ್ಕಳ ತೂಕ ಕೇಳಿ ಅಂತಲೂ ಹೇಳಿದೆ.

ಐದಕ್ಕೆ ಇಷ್ಟು ಅಂತ ಹೇಳಬೇಕಾದರೆ ದೋಣಿಗೆ ಐದು, ಹುಡುಗಿ ಕಲಿಸಿದ್ದಕ್ಕೆ ಐದು, ಟೆಂಟ್‌ಗೆ ನಾಲ್ಕೂವರೆ, ಡ್ರಮ್‌ಗೆ ನಾಲ್ಕು, ಹಗ್ಗಕ್ಕೆ ಎರಡು, ಮ್ಯಾಟ್‌ಗೆ ಒಂದು. ಮುಂದಿನ ವರ್ಷ ದೋಣಿ, ಟೆಂಟ್, ಡ್ರಮ್ ಮಾತ್ರ ಅವರಿಂದ ತಗೊಳ್ಳುತ್ತೇವೆ. ಹಗ್ಗ ಆಗಲೇ ತಂದಾಗಿದೆ, ಹೆಬ್ಬೆರಳು ದಪ್ಪದ್ದು. ಪುಟ್ಟನಿಗೆ ಅವನದೇ ಲೈಫ್ ಜಾಕೆಟ್ ಕೊಂಡೆವು. ಆರು ಮ್ಯಾಟ್‌ಗಳೂ ಬಂದವು. ಮೊನ್ನೆ ಶನಿವಾರ ಆರನ್ನೂ ಊದಿ ಹಾಲ್‌ನಲ್ಲಿ ಸಾಲಾಗಿ ಹಾಸಿ, ಸೋರುತ್ತಾ ನೋಡೋಣ ಅಂತ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎದ್ದು ಬಂದು ನೋಡಿದರೆ ಆರೂ ಗಟ್ಟಿಯಾಗೇ ಇದ್ದವು. ಮೂರನೆಯದರ ಮೇಲೆ ಪುಟ್ಟ ಲೈಫ್ ಜಾಕೆಟ್ ಹಾಕಿಕೊಂಡೇ ಮಲಗಿದ್ದ.